ಬಣ್ಣ ಬಿಟ್ಟ ಕಪಾಟು

ಮಾರ್ಚ್ 4, ಸೋಮವಾರ

ಬಲಗಣ್ಣಿನ ಪೊರೆ ತೆಗೆಸಿಕೊಂಡು ಮಗಳ ಮನೆಗೆ ಬಂದು ಬಿದ್ದಿದ್ದೇನೆ. ಆಸ್ಪತ್ರೆ ಇಲ್ಲಿಂದ ಹತ್ತಿರ ಅನ್ನುವುದು ನೆಪ. ನನ್ನನ್ನು ನಮ್ಮ ಮನೆಯಲ್ಲೇ ಬಿಟ್ಟರೆ ಯಾವುದಾದರೂ ಕುರ್ಚಿ ಎಳೆದುಕೊಂಡು ಉಜ್ಜಲು ಕೂರುತ್ತೇನೆಂದು ನನ್ನ ಹೆಂಡತಿಗೆ ಭಯ. ಜೀವಮಾನವೆಲ್ಲ ಮರಕ್ಕೆ ಪಾಲಿಶ್ ಹಾಕಿದ ಕೈ ಸುಮ್ಮನಿರುವುದಿಲ್ಲ. ಧೂಳು, ಹೊಗೆ, ಬಗ್ಗುವುದು, ಭಾರ ಎತ್ತುವುದು ಎಲ್ಲಕ್ಕೂ ಡಾಕ್ಟರು ಬೇಡ ಅಂದಿದ್ದಾರೆ. ಕಣ್ಣಿಗೆ ಹನಿ ಹಾಕಿದ್ದನ್ನು ಗುರುತು ಹಾಕಿಕೊಳ್ಳಿ ಎಂದು ಹೆಂಡತಿ ಈ ಡೈರಿ ಕೊಟ್ಟಳು. ಹನಿ ಹಾಕಿದ್ದಾಯಿತು. ಉಳಿದ ಜಾಗದಲ್ಲಿ ಏನಾದರೂ ಬರೆಯಬೇಕಲ್ಲ.

ಕಪ್ಪು ಕನ್ನಡಕ ಹಾಕಿಕೊಂಡು ಹಾಲಿನಲ್ಲಿ ಕೂತಿದ್ದೆ. ಮಗಳು ಚಹಾ ತಂದಿಟ್ಟು ಸೆರಗಿನ ತುದಿ ತಿರುಚುತ್ತಾ ನಿಂತಳು. ಚಿಕ್ಕಂದಿನಿಂದಲೂ ಅಷ್ಟೆ, ಹೇಳಬಾರದ್ದು ಹೇಳುವ ಮೊದಲು ಬಟ್ಟೆ ತಿರುಚುತ್ತಾಳೆ.

"ಅಪ್ಪಾ, ಅಡುಗೆಮನೆ ಕಪಾಟಿಗೆ ಬಿಳಿ ಬಣ್ಣ ಹೊಡೆಯೋಣ ಅಂತಿದ್ದೀವಿ. ತುಂಬಾ ಕಲೆ ಬಿದ್ದಿದೆ."

ಆ ಕಪಾಟು ನನ್ನ ಕೈಕೆಲಸ. ಅವಳು ಮದುವೆಯಾಗಿ ಈ ಮನೆಗೆ ಬಂದ ವರ್ಷ, ನಾನೇ ಕಲೆಸಿದ ಕಂದು ಬಣ್ಣವನ್ನು ಮರಕ್ಕೆ ಕುಡಿಸಿ, ಮೇಲೆ ಅರಗಿನ ಪಾಲಿಶ್ ಉಜ್ಜಿ ಉಜ್ಜಿ ಮುಖ ಕಾಣುವಂತೆ ಮಾಡಿದ್ದೆ. ಬೇರೆ ಅಪ್ಪಂದಿರು ಮಗಳಿಗೆ ಬಂಗಾರ ಕೊಟ್ಟರು. ನಾನು ಅದನ್ನು ಕೊಟ್ಟೆ.

"ಯಾರು ಹೊಡೀತಾರೆ?" ಅಂದೆ.

"ಮಾವ ಹೊಡೀತೀನಿ ಅಂದಿದ್ದಾರೆ."

ಅವಳ ಮಾವ ದರ್ಜಿ. ಇಷ್ಟು ವರ್ಷ ಅಂಗಿ, ಪ್ಯಾಂಟು ಹೊಲಿದವರು. ನಾನು "ಒಳ್ಳೇದಾಯ್ತು" ಅಂದೆ. ಚಹಾ ತಣ್ಣಗಾಗಿತ್ತು.

ಮಾರ್ಚ್ 5, ಮಂಗಳವಾರ

ಬೀಗರು ಬೆಳಿಗ್ಗೆಯೇ ಶುರು ಹಚ್ಚಿಕೊಂಡರು. ಹಿಂದಿನ ಕೋಣೆ ಅವರದು. ಅಂಗಡಿ ಮುಚ್ಚಿ ಎಷ್ಟೋ ಕಾಲವಾಯಿತು, ಕೊರಳಿನ ಅಳತೆ ಟೇಪು ಮಾತ್ರ ಇಳಿದಿಲ್ಲ. ಊಟಕ್ಕೆ ಕೂತಾಗಲೂ ಅದು ತಟ್ಟೆಯೊಳಕ್ಕೆ ಇಣುಕುತ್ತಿರುತ್ತದೆ. ಈ ಡೈರಿಯ ಮಟ್ಟಿಗೆ ಅವರು ಟೇಪು ಬೀಗರು.

ಕಪಾಟಿನ ಬಾಗಿಲುಗಳನ್ನೆಲ್ಲ ಕೀಲಿನಿಂದ ಬಿಚ್ಚಿದರು. ಪ್ರತಿ ಬಾಗಿಲ ಹಿಂದೆ ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆಯಲ್ಲಿ ಬರೆದರು: ಒಲೆ ಎಡ, ಒಲೆ ಬಲ, ಕಿಟಕಿ ಪಕ್ಕ. ಬಿಚ್ಚಿದ ತಿರುಪುಗಳನ್ನು ಬಾಗಿಲಿಗೊಂದರಂತೆ ಪುಟ್ಟ ಬಟ್ಟೆ ಚೀಲಗಳಿಗೆ ಹಾಕಿ, ಚೀಲದ ಬಾಯಿಗೆ ಹೊಲಿಗೆ ಹಾಕಿದರು. ತಿರುಪಿಗೆ ಹೊಲಿಗೆ ಹಾಕುವ ಮನುಷ್ಯನನ್ನು ಈ ಜನ್ಮದಲ್ಲಿ ಇದೇ ಮೊದಲು ನೋಡಿದ್ದು.

"ಮಾವ, ನಿಮ್ಮ ತಲೆಯೇ ತಲೆ!" ಅಂದಳು ಮಗಳು.

ನಾನು ಎಲ್ಲ ತಿರುಪುಗಳನ್ನೂ ಒಂದೇ ಡಬ್ಬಕ್ಕೆ ಸುರಿದು ಆಮೇಲೆ ಹುಡುಕಾಡುತ್ತಿದ್ದವನು. ಹಾಗಂತ ನನ್ನ ಬಾಗಿಲು ಯಾವುದಾದರೂ ಬಿದ್ದುಹೋಯಿತೇ? ಹನಿ ಹಾಕಿದೆ.

ಮಾರ್ಚ್ 7, ಗುರುವಾರ

ಮರಳು ಕಾಗದದ ಕೆಲಸ ಶುರುವಾಗಿದೆ. ಧೂಳು ಕಣ್ಣಿಗೆ ಆಗದು ಎಂದು ನನ್ನನ್ನು ಹಾಲಿನಲ್ಲಿ ಕೂರಿಸಿ, ಅಡುಗೆಮನೆಯ ಬಾಗಿಲಿಗೆ ಹಳೆಯ ಚಾದರ ಇಳಿಬಿಟ್ಟಿದ್ದಾರೆ. ಚಾದರಕ್ಕೆ ನೋಟ ಮಾತ್ರ ತಡೆಯಲು ಬರುತ್ತದೆ. ಮಾತೆಲ್ಲ ನನ್ನ ಕಿವಿಗೇ ಬಂದು ಬೀಳುತ್ತದೆ.

"ಮಾವ! ಅಲ್ಲ, ನಿಮಗೆ ಎಷ್ಟು ಸಲ ಹೇಳಬೇಕು? ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಅಂತ!"

"ಕಟ್ಟಿದ್ದೆ ಮಾರಾಯ್ತಿ, ಜಾರಿತು."

"ಜಾರಿತಂತೆ. ಜಗತ್ತಿನವರ ಬಟ್ಟೆ ಹೊಲಿದ್ರಿ, ನಿಮ್ಮ ಮೂಗಿನ ಮೇಲೊಂದು ಬಟ್ಟೆ ನಿಲ್ಲಿಸೋಕೆ ಆಗಲ್ಲ!"

ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು. ನಾನಿಲ್ಲಿ ಟೀವಿಯ ಸದ್ದು ಜೋರು ಮಾಡಿದೆ. ಟೀವಿ ನೋಡುವುದೂ ಬೇಡ ಅಂದಿದ್ದಾರೆ ಡಾಕ್ಟರು. ನಾನು ನೋಡುತ್ತಿರಲಿಲ್ಲ.

ನನ್ನ ಮಗಳು ನನ್ನನ್ನು ಒಂದು ದಿನವೂ ಗದರಿದವಳಲ್ಲ. ಎದುರು ಮಾತಾಡಿದವಳಲ್ಲ. ನಾನು ತಂದ ಫ್ರಾಕು ಬಿಗಿಯಾದರೂ "ಚೆನ್ನಾಗಿದೆ ಅಪ್ಪಾ" ಅಂತ ಹಾಕಿಕೊಂಡವಳು. ಅಪ್ಪನ ಮೇಲೆ ಗೌರವ ಅಂದರೆ ಅದು. ಸೊಸೆಯ ಕೈಯಲ್ಲಿ ಹೀಗೆ ಬೈಸಿಕೊಳ್ಳುವುದು ಅವರಿಗೆ ಅವಮಾನ ಅನ್ನಿಸುವುದಿಲ್ಲವೇ? ಅನ್ನಿಸಿದಂತೆ ಕಾಣಲಿಲ್ಲ. ಹೊರಗೆ ಬಂದಾಗ ಹುಬ್ಬಿನ ಮೇಲೆಲ್ಲ ಕಂದು ಧೂಳು, ಮುಖದಲ್ಲಿ ಬಹುಮಾನ ಬಂದ ಕಳೆ. ಆ ಧೂಳು ನನ್ನ ಪಾಲಿಶ್.

ಮಾರ್ಚ್ 8, ಶುಕ್ರವಾರ

ಹನಿ ಹಾಕಿದೆ. ಬೇರೆ ವಿಶೇಷವಿಲ್ಲ. ಮತ್ತೆ ನಗು.

ಮಾರ್ಚ್ 10, ಭಾನುವಾರ

ಹೆಂಡತಿಗೆ ಫೋನ್ ಮಾಡಿದೆ. ಕಣ್ಣಿನ ವಿಚಾರ ಹೇಳಲು ಮಾಡಿದ್ದು, ಬಾಯಲ್ಲಿ ಬಂದದ್ದು ಟೇಪು ಬೀಗರ ವಿಚಾರ. ಮರದ ಎಳೆ ನೋಡದೆ ಅಡ್ಡಡ್ಡ ಉಜ್ಜುತ್ತಾರೆ, ಮರ ಅಂದರೆ ಅವರಿಗೆ ಪಾಯಿಜಾಮ ಅನ್ನಿಸಿದೆ, ಹೀಗೆಲ್ಲ ಹೇಳಿದೆ.

"ಏನ್ರೀ," ಅಂದಳು, "ಹೊಟ್ಟೆ ಉರೀತಿದೆಯಾ?"

"ನನಗ್ಯಾಕೆ ಉರೀಬೇಕು? ಕೆಲಸ ಕೆಡ್ತದಲ್ಲ ಅಂತ ಹೇಳಿದೆ."

"ಕಣ್ಣಿಗೆ ಹನಿ ಕೊಟ್ಟಿದ್ದಾರೆ, ಹೊಟ್ಟೆಗೂ ಒಂದು ಕೇಳಬೇಕಿತ್ತು ನೀವು."

ಫೋನ್ ಇಟ್ಟೆ. ನಲವತ್ತು ವರ್ಷದ ಸಂಸಾರದಲ್ಲಿ ಇವಳು ಒಮ್ಮೆಯೂ ನನ್ನ ಪಕ್ಷ ಹಿಡಿದಿಲ್ಲ.

ಸಂಜೆ ಅಳಿಯ ಕೆಲಸದಿಂದ ಬಂದ. ಬಾಗಿಲುಗಳ ಮೇಲೆ ಕೈಯಾಡಿಸಿ "ಅಪ್ಪಾ, ಸೂಪರ್" ಅಂದ. ಆ "ಅಪ್ಪಾ" ನನಗಲ್ಲ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಅದು ಸರಿಯೇ, ಅವನಪ್ಪ ಅವರೇ ತಾನೆ. ಆದರೂ ಸಿಟ್ಟು ಬಂತು.

ಮಾರ್ಚ್ 12, ಮಂಗಳವಾರ

ಇವತ್ತಿನದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಯಾರು ಓದುತ್ತಾರೆ, ಬರೆಯುತ್ತೇನೆ.

ಉಜ್ಜುವ ಕೆಲಸ ಮುಗಿಯಿತು. ಧೂಳೆಲ್ಲ ಒರೆಸಿ, ಚಾದರ ತೆಗೆದು, ಟೇಪು ಬೀಗರು ನನ್ನನ್ನು ಕೈಹಿಡಿದು ಕರೆದೊಯ್ದರು. ಬಾಗಿಲುಗಳನ್ನು ಗೋಡೆಗೆ ಸಾಲಾಗಿ ಒರಗಿಸಿದ್ದರು.

"ಬೀಗರೇ, ಮುಟ್ಟಿ ನೋಡಿ. ಇಷ್ಟು ಸಾಕಾ?"

ಮುಟ್ಟಿದೆ. ಅಂಗೈ ಜಾರಿಹೋಗುವಷ್ಟು ನುಣುಪು. ಈ ಮನುಷ್ಯ ಒಂದು ಕೂದಲೆಳೆಯಷ್ಟೂ ಬಿಡದೆ ಉಜ್ಜಿದ್ದಾರೆ. ಅದೇ ತೊಂದರೆ. ಬಣ್ಣ ಹೊಡೆಯುವವನು ಹೊಳಪು ಹೋಗುವಷ್ಟು ಮಾತ್ರ ಉಜ್ಜುತ್ತಾನೆ, ಅರಗಿನ ಪದರ ಉಳಿದಿರುತ್ತದೆ. ಇವರು ದರ್ಜಿ, ಒಂದು ನೂಲು ಉಳಿದರೂ ಕತ್ತರಿಸುವ ಅಭ್ಯಾಸ. ನನ್ನ ಅರಗನ್ನೆಲ್ಲ ಕೆರೆದುಹಾಕಿ, ಅದರ ಕೆಳಗೆ ಮರ ಕುಡಿದ ಕಂದನ್ನು ಬೆತ್ತಲೆ ಮಾಡಿಟ್ಟಿದ್ದಾರೆ. ಅದರ ಮೇಲೆ ನೇರವಾಗಿ ಬಿಳಿ ಹೊಡೆದರೆ ಕಂದು ಸುಮ್ಮನಿರುವುದಿಲ್ಲ, ಮೇಲೆದ್ದು ಬರುತ್ತದೆ. ನಾನು ಕಲೆಸಿದ ಬಣ್ಣ, ಅದರ ಗುಣ ನನಗೆ ಗೊತ್ತು. ಮೊದಲು ಮತ್ತೊಂದು ಸಲ ಅರಗು ಸವರಿ ಬಾಯಿ ಮುಚ್ಚಿಸಬೇಕು. ಒಂದು ಮಾತು ಹೇಳಿದರೆ ಆಗುತ್ತಿತ್ತು.

ಪಕ್ಕದಲ್ಲಿ ಮಗಳು ಮಾವನ ಹುಬ್ಬಿನ ಧೂಳನ್ನು ತನ್ನ ಸೆರಗಿನಿಂದ ಒರೆಸುತ್ತಿದ್ದಳು.

"ಬಹಳ ಚೆನ್ನಾಗಿದೆ," ಅಂದೆ.

ಬೀಗರ ಮುಖ ಊರಗಲವಾಯಿತು. "ಕೇಳಿದ್ಯಾ? ನಿಮ್ಮಪ್ಪನೇ ಹೇಳಿಬಿಟ್ರು!" ಎಂದು ಮಗಳತ್ತ ತಿರುಗಿದರು. ನಾನು ಹಾಲಿಗೆ ಬಂದು ಕಣ್ಣಿಗೆ ಹನಿ ಹಾಕಿಕೊಂಡೆ. ಇವತ್ತು ಸ್ವಲ್ಪ ಉರಿಯಿತು.

ಮಾರ್ಚ್ 13, ಬುಧವಾರ

ಮೊದಲ ಕೋಟು. ನೀರಿನಲ್ಲಿ ಕಲೆಸುವ, ವಾಸನೆಯೇ ಬರದ ಬಣ್ಣ. ವಾಸನೆಯಿಲ್ಲದ್ದೂ ಒಂದು ಬಣ್ಣವೇ? ಅಳಿಯ ಫೋಟೋ ತೆಗೆದ. ಮಗಳು ಕಿಟಕಿ ತೆರೆದು ಅಡುಗೆಮನೆಯ ನಡುವೆ ನಿಂತು ಸುತ್ತ ಒಮ್ಮೆ ತಿರುಗಿದಳು, ಚಿಕ್ಕ ಹುಡುಗಿ ಹೊಸ ಬಟ್ಟೆ ಹಾಕಿಕೊಂಡು ತಿರುಗಿದ ಹಾಗೆ. ನಾನು ಕಪಾಟು ಮಾಡಿಕೊಟ್ಟ ದಿನ ಹೀಗೆ ತಿರುಗಿದ್ದಳೇ? ನೆನಪಿಗೆ ಬರುತ್ತಿಲ್ಲ. ಕಾಲಿಗೆ ನಮಸ್ಕಾರ ಮಾಡಿದ್ದಳು, ಅದು ನೆನಪಿದೆ.

ಕಾಯುತ್ತಿದ್ದೇನೆ.

ಮಾರ್ಚ್ 14, ಗುರುವಾರ

ಬಂತು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಹೋಗಿ ನೋಡಿದೆ. ಎಡಗಣ್ಣಿನ ಪೊರೆ ಇನ್ನೂ ತೆಗೆದಿಲ್ಲ. ಅದರಲ್ಲಿ ನೋಡಿದರೆ ಎಲ್ಲವೂ ಹಳದಿಯಾಗಿಯೇ ಕಾಣುತ್ತದೆ, ತಪ್ಪೇನೂ ತಿಳಿಯುವುದಿಲ್ಲ. ಎಡಗಣ್ಣು ಮುಚ್ಚಿ ಹೊಸ ಕಣ್ಣಲ್ಲಿ ನೋಡಿದೆ. ಬಿಳಿಯ ಮೇಲೆ ಅಲ್ಲಲ್ಲಿ ಚಹಾ ಚೆಲ್ಲಿದಂಥ ಕಲೆ. 'ಒಲೆ ಎಡ'ದ ಮೇಲೆ ಅಂಗೈಯಗಲ. ನನಗೆ ಎಷ್ಟು ಖುಷಿಯಾಯಿತೆಂದರೆ ಬಾಗಿಲನ್ನು ಒಮ್ಮೆ ತಟ್ಟಿದೆ, ಬೆನ್ನು ತಟ್ಟಿದ ಹಾಗೆ.

ಬೀಗರು ಬಂದು ನೋಡಿ, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿ, "ಕೋಟು ತೆಳುವಾಯ್ತೇನೋ. ಇನ್ನೊಂದು ಹೊಡೆಯೋಣ" ಅಂದರು. ಹೊಡೆಯಲಿ, ಹೊಡೆಯಲಿ.

ಮಾರ್ಚ್ 16, ಶನಿವಾರ

ಎರಡನೆಯ ಕೋಟನ್ನೂ ದಾಟಿ ಕಂದು ಮೇಲೆ ಬಂದಿದೆ. ಕೆಲಸ ಮಾಡುವಾಗ ಬೀಗರು ಹಾಡು ಗುನುಗುತ್ತಿದ್ದರು, ಅದು ನಿಂತಿದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಅವರ ಕೊರಳಲ್ಲಿ ಟೇಪು ಇರಲಿಲ್ಲ. ಮಗಳೂ ಅವರನ್ನು ಬೈಯಲಿಲ್ಲ. ಮೂರು ಜನ ಮೂರು ಕಡೆ ನೋಡುತ್ತಾ ಉಂಡೆವು. ನಾನು ಬಯಸಿದ್ದು ಇದನ್ನೇ. ಆದರೂ ಅರ್ಧ ಊಟಕ್ಕೇ ಕೈ ತೊಳೆದೆ.

ಆಮೇಲೆ ಹಾಲಿನಲ್ಲಿ ಕಣ್ಣು ಮುಚ್ಚಿ ಒರಗಿದ್ದೆ. ನಿದ್ದೆ ಬಂದಿದೆ ಅಂದುಕೊಂಡಿರಬೇಕು, ಅಡುಗೆಮನೆಯಲ್ಲಿ ಮೆಲ್ಲಗೆ ಮಾತಾಡುತ್ತಿದ್ದರು.

"ಬಣ್ಣ ಬಿಡ್ತಿದೆ ಇದು," ಅಂದರು ಬೀಗರು. "ಹೊಸ ಬಟ್ಟೆಯನ್ನ ಮೊದಲು ನೀರಿಗೆ ಹಾಕಿ ನೋಡಬೇಕು. ಬಣ್ಣ ಬಿಡೋ ಬಟ್ಟೆಗೆ ಒಳಗಡೆ ಬಿಳಿ ಅಸ್ತರಿ ಕೊಟ್ಟ ದರ್ಜಿ ಉದ್ಧಾರ ಆಗಲ್ಲ. ಎಲ್ಲ ಗೊತ್ತಿದ್ದೂ ಮಾಡಿದೆ. ತಪ್ಪು ನಂದು."

"ಅಪ್ಪನ್ನ ಕೇಳೋಣವಾ?"

"ಬೇಡಮ್ಮ. ಕೇಳಿದ್ರೆ ಅವರು ಸುಮ್ಮನೆ ಕೂರ್ತಾರಾ? ತೋಳು ಮಡಚಿಕೊಂಡು ಇಳಿದುಬಿಡ್ತಾರೆ. ಕಣ್ಣಿಗೆ ಏನಾದ್ರೂ ಆದ್ರೆ? ವಾಸನೆ ತಾಗಬಾರದು ಅಂತಲೇ ಈ ನೀರಿನ ಬಣ್ಣ ತಂದಿದ್ದು." ಮತ್ತೆ ಅಂದರು, "ಇನ್ನೊಂದು ಹೇಳ್ತೀನಿ, ನಗಬೇಡ. ಈ ಮನೇಲಿ ಯಾವ ಕುರ್ಚಿ ಮುಟ್ಟಿದ್ರೂ ನಮ್ಮಪ್ಪ ಮಾಡಿದ್ದು, ನಮ್ಮಪ್ಪ ಮಾಡಿದ್ದು ಅಂತೀಯ. ಒಂದು ಸಲ ನಮ್ಮ ಮಾವ ಮಾಡಿದ್ದು ಅಂತಲೂ ನಾಲ್ಕು ಜನಕ್ಕೆ ಹೇಳ್ಲಿ ಅಂತ ನಂಗೂ ಆಸೆ."

ಕಣ್ಣು ಮುಚ್ಚಿಕೊಂಡೇ ಕೂತಿದ್ದೆ. ನಾಚಿಕೆ ಆಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು ಆದದ್ದು ಖುಷಿ. ಸುಳ್ಳು ಯಾಕೆ ಬರೆಯಲಿ. ಟೇಪು ಬೀಗರಿಗೆ ನನ್ನ ಮೇಲೆ ಹೊಟ್ಟೆಕಿಚ್ಚು!

ಖುಷಿ ಸಂಜೆಯವರೆಗೂ ಬಾಳಲಿಲ್ಲ. ವಾಸನೆಯಿಲ್ಲದ ಆ ಬಣ್ಣದ ಡಬ್ಬ ಹಾಲಿನಿಂದಲೇ ಕಾಣುತ್ತದೆ. ಕುರ್ಚಿ ತಿರುಗಿಸಿ ಅದಕ್ಕೆ ಬೆನ್ನು ಹಾಕಿ ಕೂತೆ.

ಮಾರ್ಚ್ 17, ಭಾನುವಾರ

ಬೀಗರು ತಲೆಗೂದಲು ಕತ್ತರಿಸಿಕೊಳ್ಳಲು ಹೋಗಿದ್ದರು. ಮಗಳು ಬಣ್ಣದ ಕುಂಚ ತೊಳೆಯುತ್ತಿದ್ದಳು. ಪಕ್ಕದಲ್ಲಿ ನಿಂತು, "ಆ ಬಿಳಿಯ ಕೆಳಗೆ ಅರಗು ಸವರಬೇಕಿತ್ತು. ಆಗ ಕಂದು ಮೇಲೆ ಬರಲ್ಲ" ಅಂದೆ.

"ಈಗ ಹೊಳೀತಾ ಅಪ್ಪಾ?"

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಬಾಯಿಗೆ ಬಂದೂ ಇತ್ತು. ಅವಳು ನಲ್ಲಿ ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. ಕಪ್ಪು ಕನ್ನಡಕ ಇದ್ದರೂ ಏನು ಕಂಡಿತೋ.

"ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಮಾವ ನಿಮ್ಮನ್ನ ಕರೆದು ತೋರಿಸಿ ಕೇಳಿದ್ರಲ್ಲ, ಆಗಲೂ?"

"ಆಗಲೂ."

ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಕುಂಚದ ನೀರನ್ನು ಒದರಿ, ಕಿಟಕಿಯ ಮೇಲೆ ಒಣಗಲು ಇಟ್ಟಳು.

"ನನಗೆ ಈ ಕಪಾಟು ಯಾವತ್ತೂ ಇಷ್ಟ ಆಗಿರಲಿಲ್ಲ ಅಪ್ಪಾ," ಅಂದಳು. ಬೆನ್ನು ನನ್ನ ಕಡೆಗಿತ್ತು. "ಬಂದ ದಿನದಿಂದ. ಇರೋದು ಒಂದೇ ಕಿಟಕಿ. ಒಳಗೆ ಕಾಲಿಟ್ಟರೆ ಕತ್ತಲೆ. ಹಗಲು ಹೊತ್ತು ದೀಪ ಹಾಕ್ಕೊಂಡು ಅಡುಗೆ ಮಾಡ್ತೀನಿ. ನೀವು ಅಷ್ಟು ಕಷ್ಟಪಟ್ಟು ಮಾಡಿಕೊಟ್ರಿ, ಹೇಗೆ ಹೇಳ್ಲಿ? ಮಾವನಿಗೆ ಹೇಳಿದೆ. ಅವರಿಗಾದ್ರೆ ಹೇಳಬಹುದು."

"ನನಗೆ ಯಾಕೆ ಹೇಳಲಿಲ್ಲ?"

"ನೀವು ಯಾಕೆ ಹೇಳಲಿಲ್ಲ?" ಅಂದಳು. "ನಾನೂ ಇಷ್ಟು ವರ್ಷ ಸುಮ್ಮನಿದ್ದೆ. ನಿಮ್ಮ ಮಗಳೇ ಅಲ್ವಾ."

ಹೊರಗೆ ಬೀಗರ ಚಪ್ಪಲಿಯ ಸದ್ದಾಯಿತು. ಅವಳು ಕಣ್ಣೊರೆಸಿಕೊಂಡು ಗ್ಯಾಸ್ ಹಚ್ಚಿದಳು.

ಮಾರ್ಚ್ 18, ಸೋಮವಾರ

ಹನಿ ಹಾಕಿದೆ. ಮಧ್ಯಾಹ್ನ ಯಾರೂ ಇಲ್ಲದಾಗ ಅಡುಗೆಮನೆಯ ದೀಪ ಆರಿಸಿ, ಬಾಗಿಲಿಲ್ಲದ ಕಪಾಟಿನ ಮುಂದೆ ನಿಂತೆ. ಕಪಾಟಿನ ಒಳಮೈಗೆ ಇನ್ನೂ ಯಾರೂ ಬಿಳಿ ಹೊಡೆದಿಲ್ಲ. ಹೊಸ ಕಣ್ಣಲ್ಲಿ ನೋಡಿದೆ. ಕತ್ತಲೆ ಹೌದು.

ಮಾರ್ಚ್ 20, ಬುಧವಾರ

ನಿನ್ನೆ ಡಾಕ್ಟರು ಕಣ್ಣಿಗೆ ದೀಪ ಬಿಟ್ಟು ನೋಡಿ, ಸಣ್ಣಪುಟ್ಟ ಕೆಲಸ ಮಾಡಬಹುದು, ಧೂಳು ಮಾತ್ರ ಬೇಡ ಅಂದರು. ಬರುವ ದಾರಿಯಲ್ಲಿ, ಜೊತೆಗೆ ಬಂದಿದ್ದ ಬೀಗರನ್ನು ಬಣ್ಣದ ಅಂಗಡಿಗೆ ಕರೆದೊಯ್ದೆ. ಅರಗಿನ ಚಕ್ಕೆ, ಸ್ಪಿರಿಟ್. ನನಗೆ ಮೊದಲೇ ಗೊತ್ತಿತ್ತು ಎಂದು ದಾರಿಯಲ್ಲಿ ಅವರಿಗೂ ಹೇಳಿದೆ. ಹೇಳುವಾಗ ರಸ್ತೆ ನೋಡುತ್ತಿದ್ದೆ.

ಅವರು ನಡೆಯುತ್ತಲೇ ಇದ್ದರು. ತಿರುವಿನಲ್ಲಿ ನಿಂತು, "ನನ್ನ ಹತ್ತಿರ ಹೊಲಿಸಿದ ಅಂಗಿ ಹಾಕ್ಕೊಂಡು ಒಬ್ಬ ಇನ್ನೊಂದು ದರ್ಜಿ ಅಂಗಡಿಗೆ ಹೋಗಿ, ಇದನ್ನ ಬಿಚ್ಚಿ ಹೊಲೀರಿ ಅಂದಿದ್ದ. ಆ ದರ್ಜಿಯ ಸೂಜಿ ಮುರೀಲಿ ಅಂತ ನಾನೂ ಅಂದುಕೊಂಡಿದ್ದೆ. ಬನ್ನಿ, ಬಿಸಿಲು ಏರ್ತಿದೆ" ಅಂದರು. ಇಂಥ ಮನುಷ್ಯನ ಮೇಲೆ ಕೋಪ ಇಟ್ಟುಕೊಳ್ಳುವುದೂ ಒಂದು ಕೆಲಸ.

ಅರಗನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕಿ ಇಟ್ಟೆವು. ಬೆಳಿಗ್ಗೆ ಮಡ್ಡಿ ತಳಕ್ಕೆ ಇಳಿದಿತ್ತು. ಮೇಲಿನ ತಿಳಿಯನ್ನು ಬೇರೆ ಪಾತ್ರೆಗೆ ಬಗ್ಗಿಸಿದೆ. ಸವರಲು ಹತ್ತಿಯ ಉಂಡೆಗೆ ಬಟ್ಟೆ ಸುತ್ತಬೇಕು. ನಾನು ಯಾವುದೋ ಹಳೆಯ ಬನಿಯನ್ ಹುಡುಕುತ್ತಿದ್ದರೆ, ಬೀಗರು ಅಸ್ತರಿ ಬಟ್ಟೆಯಲ್ಲಿ ಒಂದು ಉಂಡೆ ಹೊಲಿದು ತಂದರು. ಒಂದೇ ಒಂದು ಮಡಿಕೆ ಹೊರಗಿಲ್ಲ. ಅಂಗೈಯಲ್ಲಿ ಕೂತರೆ ಅಲ್ಲೇ ಹುಟ್ಟಿದ ಹಾಗೆ. ಜೀವಮಾನವೆಲ್ಲ ನಾನು ಗಂಟು ಬಿದ್ದ ಚಿಂದಿ ಹಿಡಿದು ಕೆಲಸ ಮಾಡಿದವನು. ಹೊಟ್ಟೆ ಉರಿಯಿತು. ಸ್ವಲ್ಪವೇ.

ಕಿಟಕಿ ಪೂರ್ತಿ ತೆರೆದು, ಕನ್ನಡಕ ಹಾಕಿಕೊಂಡು ಸವರಿದೆ. ಬೀಗರು ಬಾಗಿಲು ಹಿಡಿದರು. ಕೈಗೆ ಎಲ್ಲ ನೆನಪಿತ್ತು. ಇದೇ ಅರಗನ್ನು ಅವತ್ತು ಕಂದು ಹೊಳೆಯಲಿ ಎಂದು ಹಾಕಿದ್ದೆ, ಇವತ್ತು ಕಂದು ಮತ್ತೆ ಮೇಲೆ ಬರದಿರಲಿ ಎಂದು ಹಾಕಿದೆ. 'ಒಲೆ ಎಡ'ದ ಮೇಲಿನ ಕಲೆಯನ್ನು ಮುಚ್ಚುವಾಗ ಮಾತ್ರ ಕೈ ಸ್ವಲ್ಪ ನಿಧಾನವಾಯಿತು.

ಮಗಳು ಬಂದು ನೋಡಿದಳು. ಚಹಾ ಇಟ್ಟು ಹೋದಳು, ಎರಡು ಲೋಟ ಪಕ್ಕಪಕ್ಕ.

ಮಾರ್ಚ್ 22, ಶುಕ್ರವಾರ

ನಿನ್ನೆ ಅರಗಿನ ಮೇಲೆ ಹೊಡೆದ ಬಿಳಿ ನಿಂತಿದೆ. ಬೆಳಿಗ್ಗೆ ಎಡಗಣ್ಣು ಮುಚ್ಚಿ ಒಂದೊಂದೇ ಬಾಗಿಲನ್ನು ನೋಡಿದೆ. ಕಂದು ಎಲ್ಲೂ ಇಲ್ಲ. ಒಂದು ಕಡೆಯಾದರೂ ಸ್ವಲ್ಪ ಇಣುಕಿದೆಯೇನೋ ಎಂದು ಇನ್ನೊಂದು ಸುತ್ತು ನೋಡಿದೆ. ಇಲ್ಲ.

ಬೀಗರು, "ಕಡೇ ಕೋಟು 'ಕಿಟಕಿ ಪಕ್ಕ'ದ್ದು ನೀವು ಹೊಡೀರಿ" ಎಂದು ಕುಂಚ ಕೊಟ್ಟರು. ಹೊಡೆದೆ.

ಮಾರ್ಚ್ 24, ಭಾನುವಾರ

ಇವತ್ತು ಬಾಗಿಲುಗಳನ್ನು ಕೂರಿಸಿದೆವು. ಬೀಗರು ಚೀಲಗಳ ಹೊಲಿಗೆ ಬಿಚ್ಚಿ ಬಿಚ್ಚಿ ತಿರುಪು ಕೊಟ್ಟರು, ಅಳಿಯ ಬಿಗಿದ. ಒಂದೂ ತಪ್ಪಲಿಲ್ಲ. ಮಗಳು ಸೊಂಟಕ್ಕೆ ಕೈಕೊಟ್ಟು ನಡುವೆ ನಿಂತು ನೋಡುತ್ತಿದ್ದವಳು ಕಿಟಕಿಯ ಬಳಿಗೆ ಹೋಗಿ ಬಗ್ಗಿದಳು.

"ಇದು ಯಾರು ಹೊಡೆದಿದ್ದು?"

ಬೀಗರು ಸುಣ್ಣದ ಬಿಲ್ಲೆಯನ್ನು ಆಸಕ್ತಿಯಿಂದ ನೋಡತೊಡಗಿದರು.

"ನಾನು," ಅಂದೆ.

"ಅಪ್ಪಾ! ಏನಿದು? ಮೂಲೇಲಿ ಬಣ್ಣ ಎಲ್ಲ ಸೋರಿ ಗಡ್ಡೆ ಕಟ್ಟಿದೆ! ಕುಂಚ ಒತ್ತಿ ಹಿಂಡಿಕೊಂಡು ಹೊಡೀಬೇಕು ಅಂತ ಗೊತ್ತಿಲ್ವಾ ನಿಮಗೆ? ಇಷ್ಟು ವರ್ಷ ಮರದ ಕೆಲಸ ಮಾಡಿದ್ದೀನಿ ಅಂತೀರಿ! ನಾನು ದಿನಾ ಬೆಳಿಗ್ಗೆ ಎದ್ದು ಇದನ್ನೇ ನೋಡಬೇಕು ಅಲ್ವಾ?"

"ಪಾಲಿಶ್‌ನವನಮ್ಮ ನಾನು, ಕುಂಚ ಹಿಡಿದು..."

"ಅದೆಲ್ಲ ನಂಗೆ ಗೊತ್ತಿಲ್ಲ. ಬಿಚ್ಚಿ. ಮತ್ತೆ ಹೊಡೀರಿ. ಮತ್ತೆ ಈ ಕನ್ನಡಕ ಎಲ್ಲಿ? ಹನಿ ಹಾಕ್ಕೊಂಡ್ರಾ ಇವತ್ತು?"

ಹಾಕಿಕೊಂಡಿರಲಿಲ್ಲ. ಮರೆತೇ ಹೋಗಿತ್ತು. ಅದಕ್ಕೂ ಬೈದಳು.

ಬಾಗಿಲು ಬಿಚ್ಚಿಸಿ ಅಂಗಳಕ್ಕೆ ತಂದಿಟ್ಟಿದ್ದೇನೆ. ಧೂಳು ನನಗೆ ಆಗದು, ಗಡ್ಡೆ ಕಟ್ಟಿದ ಬಣ್ಣವನ್ನು ಬೀಗರು ಉಜ್ಜಿಕೊಡುತ್ತಾರೆ, ನಾಳೆ ಮತ್ತೆ ಹೊಡೆಯುತ್ತೇನೆ. ಹೆಂಡತಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ಮಗಳು ಬೈದದ್ದನ್ನು ಒಂದು ಮಾತೂ ಬಿಡದೆ. "ಬೈಸಿಕೊಂಡು ಇಷ್ಟು ಹಿಗ್ಗಿದವರನ್ನ ನಾನು ನೋಡಿಲ್ಲ, ಮನೆಗೆ ಬನ್ನಿ, ನಾನೂ ಬೈತೀನಿ" ಅಂದಳು. ಅವಳಿಗೆ ಅರ್ಥವಾಗುವುದಿಲ್ಲ. ಊಟಕ್ಕೆ ಎರಡು ಸಲ ಬಡಿಸಿಕೊಂಡೆ.

ಟೇಪು ಬೀಗರಿಗೆ ಇವತ್ತು ಒಂದು ಬೈಗುಳವೂ ಬೀಳಲಿಲ್ಲ. ಊಟದ ಹೊತ್ತಿಗೆ ಅವರ ಮುಖ ಸ್ವಲ್ಪ ಸಪ್ಪಗಿತ್ತು.